ಈಜುವಾಗ ಸುಸ್ತು ಎಲ್ಲಿಂದ ಬರುತ್ತೆ? ಫ್ರೀಸ್ಟೈಲ್‌ಗೆ ಒಂದಿಷ್ಟು ಡ್ರಿಲ್‌ಗಳು

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಜಾನ್‌ಲೆ 100 ಮೀಟರ್ ಫ್ರೀಸ್ಟೈಲನ್ನು 46.40 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ. ಕ್ಯಾಲ್ಕುಲೇಟರ್ ತೆಗೆದು ಗಂಟೆಗೆ ಎಷ್ಟು ಕಿಲೋಮೀಟರ್ ಆಯ್ತು ಅಂತ ನೋಡಿ. 7.8ರ ಹತ್ತಿರ ಬರುತ್ತೆ. ಬೆಳಿಗ್ಗೆ ಗ್ರೌಂಡಿನಲ್ಲಿ ನಿಧಾನಕ್ಕೆ ಜಾಗಿಂಗ್ ಮಾಡೋರ ಸ್ಪೀಡ್ ಅದು! ಇದೇ ನೂರು ಮೀಟರನ್ನು ಉಸೇನ್ ಬೋಲ್ಟ್ ನೆಲದ ಮೇಲೆ 9.58 ಸೆಕೆಂಡಿನಲ್ಲಿ ಓಡಿದ್ದ. ಅಂದ್ರೆ ಜಗತ್ತಿನ ಅತಿ ವೇಗದ ಈಜುಗಾರ ಕೂಡ ಅತಿ ವೇಗದ ಓಟಗಾರನ ಐದನೇ ಒಂದು ಭಾಗದಷ್ಟೇ ವೇಗದಲ್ಲಿ ಹೋಗ್ತಾನೆ. ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು ಹೆಚ್ಚು. ಅದನ್ನು ಸೀಳಿಕೊಂಡು ಹೋಗೋದರಲ್ಲೇ ನಮ್ಮ ಶಕ್ತಿಯೆಲ್ಲ ಖರ್ಚಾಗುತ್ತೆ.

ಯಾವ ಪೂಲಿಗಾದರೂ ಸಂಜೆ ಹೋಗಿ ನೋಡಿ. ಒಂದು ಲೇನಿನಲ್ಲಿ ದಿನಾ ಜಿಮ್‌ಗೆ ಹೋಗೋ ನಮ್ಮ ವಯಸ್ಸಿನವನೊಬ್ಬ ನೀರನ್ನು ಬಡಿದೂ ಬಡಿದೂ 25 ಮೀಟರ್ ಮುಗಿಸಿ ಗೋಡೆ ಹಿಡ್ಕೊಂಡು ಏದುಸಿರು ಬಿಡ್ತಿರ್ತಾನೆ. ಪಕ್ಕದ ಲೇನಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಸದ್ದೇ ಇಲ್ಲದೆ ಎಂಟನೇ ಲ್ಯಾಪ್ ಮುಗಿಸಿ ಒಂಬತ್ತನೆಯದಕ್ಕೆ ತಿರುಗಿರ್ತಾಳೆ. ಅವಳ ತೋಳು ಇವನ ಮಣಿಕಟ್ಟಿನಷ್ಟು ದಪ್ಪ ಇರಲ್ಲ. ಇವನು ಮನೆಗೆ ಹೋಗ್ತಾ "ಸ್ಟ್ಯಾಮಿನಾ ಇಲ್ಲ ಮಗಾ" ಅಂತಾನೆ. ಈ ಮಾತನ್ನು ನಾನು ಒಪ್ಪಲ್ಲ. ಐದು ಕಿಲೋಮೀಟರ್ ಓಡಬಲ್ಲವನಿಗೆ 25 ಮೀಟರಿಗೆ ಸ್ಟ್ಯಾಮಿನಾ ಇಲ್ಲ ಅಂದ್ರೆ ಏನರ್ಥ? ಅವನ ಹತ್ರ ಎಂಜಿನ್ ಇದೆ, ಬಾಡಿಯ ಆಕಾರ ಸರಿ ಇಲ್ಲ, ಅಷ್ಟೇ. ಸುಮಾರು ಜನ ಈ ಒಂದು ತಪ್ಪು ತೀರ್ಮಾನದಿಂದಲೇ ಎರಡು ತಿಂಗಳ ಫೀಸ್ ಕಟ್ಟಿ ಎರಡನೇ ವಾರಕ್ಕೆ ಪೂಲ್ ಬಿಟ್ಟುಬಿಡ್ತಾರೆ.

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಗೊತ್ತಿರೋ ವಿಷಯ: ನೀರಿನ ಎಳೆತ, ಅಂದ್ರೆ ಡ್ರ್ಯಾಗ್, ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತೆ. ಬೇಕಾಗೋ ಪವರ್ ವೇಗದ ಘನಕ್ಕೆ ಅನುಪಾತದಲ್ಲಿ. ಹಾಗಾಗಿ ಬರೀ ಬಲದಿಂದ ವೇಗವನ್ನು ಶೇಕಡಾ 10ರಷ್ಟು ಹೆಚ್ಚಿಸಬೇಕಾದರೆ ಪವರ್ ಶೇಕಡಾ 33ರಷ್ಟು ಹೆಚ್ಚಬೇಕು. ಅದು ಒಂದು ಸೆಮಿಸ್ಟರಿನಲ್ಲಿ ಆಗೋ ಕೆಲಸ ಅಲ್ಲ. ಇದೇ ಲೆಕ್ಕವನ್ನು ಉಲ್ಟಾ ಹಾಕಿ. ಅದೇ ಪವರ್ ಇಟ್ಟುಕೊಂಡು, ನೀರಿಗೆ ಎದುರಾಗೋ ದೇಹದ ಅಡ್ಡವಿಸ್ತೀರ್ಣವನ್ನು ಶೇಕಡಾ 20ರಷ್ಟು ಕಡಿಮೆ ಮಾಡಿದರೆ ವೇಗ ಸುಮಾರು ಶೇಕಡಾ 8ರಷ್ಟು ಏರುತ್ತೆ, ಪುಕ್ಕಟೆಯಾಗಿ! ನಿಜವಾದ ಈಜಿನಲ್ಲಿ ಅಲೆ, ಸುಳಿ ಎಲ್ಲ ಸೇರಿ ಲೆಕ್ಕ ಇಷ್ಟು ನೀಟಾಗಿರಲ್ಲ. ಆದರೆ ದಿಕ್ಕು ಇದೇ. ಮೊದಲು ಎಳೆತ ಕಡಿಮೆ ಮಾಡಬೇಕು, ಆಮೇಲೆ ತಳ್ಳೋದು. ಕೆಳಗಿನ ಡ್ರಿಲ್‌ಗಳ ಕ್ರಮ ಕೂಡ ಅದೇ.

ತಲೆ ಎತ್ತಿದರೆ ಕಾಲು ಮುಳುಗುತ್ತೆ

ನಮ್ಮ ಎದೆಯಲ್ಲಿ ಗಾಳಿ ತುಂಬಿದ ಎರಡು ಚೀಲ ಇವೆ. ಹಾಗಾಗಿ ದೇಹವನ್ನು ಮೇಲಕ್ಕೆ ತಳ್ಳೋ ಬಲದ ಕೇಂದ್ರ ಎದೆಯ ಕಡೆಗೆ ಇರುತ್ತೆ. ಗುರುತ್ವ ಕೇಂದ್ರ ಅದಕ್ಕಿಂತ ಕೆಳಗೆ, ಸೊಂಟದ ಹತ್ತಿರ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ, ನಡುವೆ ಅಂತರ. ಇದು ಪಕ್ಕಾ ಕಪಲ್. ಅದರ ಪರಿಣಾಮವಾಗಿ ಕಾಲು ತಾನಾಗೇ ಕೆಳಗಿಳಿಯುತ್ತೆ. ಕೊಬ್ಬು ಕಡಿಮೆ, ಕಾಲಿನಲ್ಲಿ ಮಾಂಸಖಂಡ ಹೆಚ್ಚು ಇರೋರಿಗೆ ಇದು ಇನ್ನೂ ಜೋರು. ಜಿಮ್ ಹುಡುಗರಿಗೆ ಕೆಟ್ಟ ಸುದ್ದಿ.

ಇದರ ಮೇಲೆ ತಲೆಯನ್ನೂ ಎತ್ತಿದರೆ ಮುಗೀತು. ತಲೆಯ ತೂಕ ನಾಲ್ಕೈದು ಕಿಲೋ. ಅದು ನೀರಿನಿಂದ ಹೊರಗೆ ಬಂದ ತಕ್ಷಣ ತಕ್ಕಡಿ ಹಿಂದಕ್ಕೆ ವಾಲುತ್ತೆ, ತೊಡೆಗಳು ನೀರಿಗೆ ಬ್ರೇಕ್ ಥರ ಅಡ್ಡ ನಿಲ್ಲುತ್ತವೆ. ಊರಿನ ಬಾವಿಯಲ್ಲೋ ಕಾಲುವೆಯಲ್ಲೋ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕಲಿತವರು ನಮ್ಮಲ್ಲಿ ಇದ್ದಾರೆ. ಅವರೆಲ್ಲ ತಲೆ ಎತ್ತಿಯೇ ಈಜ್ತಾರೆ. ಅಲ್ಲಿ ಅದೇ ಸರಿ. ಎದುರಿಗೆ ಯಾರು ಧುಮುಕ್ತಾರೆ, ಮೆಟ್ಟಿಲು ಎಲ್ಲಿದೆ ಅಂತ ಕಾಣಬೇಕಲ್ಲ. ಪೂಲಿನಲ್ಲಿ ತಳದಲ್ಲೇ ಕಪ್ಪು ಗೆರೆ ಎಳೆದಿರೋದು ಕೆಳಗೆ ನೋಡ್ಕೊಂಡು ಹೋಗಲಿ ಅಂತಾನೇ. ಒಂದು ಮಾತು ಮಾತ್ರ ಸೇರಿಸಬೇಕು. ಬಾವಿಯಲ್ಲಿ ಕಲಿತವರಿಗೆ ನೀರಿನ ಭಯ ಇಲ್ಲ. ಕೋಚಿಂಗ್‌ನಲ್ಲಿ ಕಲಿತವರಿಗೆ ಅದನ್ನು ಕಳೆದುಕೊಳ್ಳೋಕೆ ತಿಂಗಳುಗಳು ಬೇಕಾಗುತ್ತವೆ. ಹಾಗಾಗಿ ಡ್ರಿಲ್‌ಗಳನ್ನು ಬೇಗ ಹಿಡಿಯೋದು ಬಾವಿಯವರೇ.

ಮೊದಲ ಡ್ರಿಲ್‌ಗೆ ಈಜೋದೇ ಬೇಡ. ಗೋಡೆಗೆ ಕಾಲು ಕೊಟ್ಟು, ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಟ್ಟು, ತೋಳುಗಳನ್ನು ಕಿವಿಗೆ ಒತ್ತಿ, ಮುಖ ಕೆಳಗೆ ಮಾಡಿ ಜೋರಾಗಿ ತಳ್ಳಿ. ಕಾಲು ಬಡೀಬೇಡಿ. ಎಲ್ಲಿ ನಿಲ್ತೀರೋ ಅಲ್ಲಿ ಗುರುತು ಇಟ್ಟುಕೊಳ್ಳಿ. ಈಗ ಅಷ್ಟೇ ಬಲದಿಂದ, ಮುಖ ಎತ್ತಿ ಎದುರಿನ ಗೋಡೆ ನೋಡ್ತಾ ತಳ್ಳಿ. ಎರಡು ಗುರುತುಗಳ ನಡುವಿನ ಅಂತರವೇ ನಿಮ್ಮ ತಲೆ ಕೇಳ್ತಿರೋ ಬೆಲೆ. ಒಂದು ಸಲ ಕಣ್ಣಾರೆ ಅಳೆದರೆ ಸಾಕು, ಯಾರೂ ಇನ್ನೊಮ್ಮೆ ಹೇಳಬೇಕಿಲ್ಲ. ತೇಲುವಾಗ ಎದೆಯನ್ನು ಸ್ವಲ್ಪ ನೀರಿಗೆ ಒತ್ತಿ ನೋಡಿ, ಸೊಂಟ ತಾನಾಗೇ ಮೇಲೆ ಬರುತ್ತೆ.

ಕಿಕ್ ಇರೋದು ಎಂಜಿನ್‌ಗೆ ಅಲ್ಲ

ಫ್ರೀಸ್ಟೈಲ್‌ನಲ್ಲಿ ಮುಂದೆ ತಳ್ಳೋ ಬಲದ ದೊಡ್ಡ ಪಾಲು ಕೈಯದು. ಕಾಲಿನ ಪಾಲು ಕಡಿಮೆ, ಖರ್ಚು ಮಾತ್ರ ವಿಪರೀತ, ಯಾಕಂದ್ರೆ ತೊಡೆಯ ಮಾಂಸಖಂಡಗಳು ದೇಹದಲ್ಲೇ ದೊಡ್ಡವು, ಆಕ್ಸಿಜನ್ ಕುಡಿಯೋದರಲ್ಲೂ ದೊಡ್ಡವು. ಅದಕ್ಕೇ ದೂರ ಈಜೋರಲ್ಲಿ ಅನೇಕರು ಎರಡು ಕೈಬೀಸಿಗೆ ಎರಡೇ ಕಿಕ್ ಹೊಡೀತಾರೆ, 50–100 ಮೀಟರಿನವರು ಆರು ಹೊಡೀತಾರೆ. ನಮಗೆ ಕಿಕ್ ಮುಖ್ಯವಾಗಿ ಬೇಕಿರೋದು ಕಾಲು ಮೇಲಿರಲಿ, ದೇಹ ಅಕ್ಕಪಕ್ಕ ತೂಗಾಡದಿರಲಿ ಅಂತ.

ಕಿಕ್ ಶುರುವಾಗಬೇಕಾದ್ದು ಸೊಂಟದಿಂದ. ಮಂಡಿ ಸ್ವಲ್ಪವೇ ಮಡಚಬೇಕು, ಪಾದ ಸಡಿಲವಾಗಿ, ಹೆಬ್ಬೆರಳುಗಳು ಒಂದಕ್ಕೊಂದು ಸೋಕುವಷ್ಟು ಒಳಮುಖವಾಗಿ ಇರಬೇಕು. ಹೆಚ್ಚಿನವರು ಮಾಡೋದು ಸೈಕಲ್ ತುಳಿಯೋ ಕಿಕ್: ಮಂಡಿ ಹೊಟ್ಟೆಯ ಕಡೆ ಬರುತ್ತೆ, ತೊಡೆ ನೀರಿಗೆ ಅಡ್ಡ ಬರುತ್ತೆ. ಇನ್ನು ಫುಟ್ಬಾಲ್ ಆಡೋರು, ತುಂಬ ಓಡೋರು ಇವರ ಪಾದದ ಕೀಲು ಎಷ್ಟು ಬಿಗಿ ಇರುತ್ತೆ ಅಂದ್ರೆ ಕಿಕ್‌ಬೋರ್ಡ್ ಹಿಡಿದು ಎಷ್ಟು ಬಡಿದರೂ ನಿಂತಲ್ಲೇ ಇರ್ತಾರೆ. ಕೆಲವರು ಹಿಂದಕ್ಕೂ ಹೋಗ್ತಾರೆ! ನಗಬೇಡಿ, ಪಾದ ಬಿಗಿಯಾಗಿ ಕೊಕ್ಕೆ ಥರ ನಿಂತಿದ್ದರೆ ಅದು ನೀರನ್ನು ಮುಂದಕ್ಕೇ ತಳ್ಳುತ್ತೆ. ಇದಕ್ಕೆ ಪೂಲಿನ ಹೊರಗೆ ಒಂದು ಒಳ್ಳೆ ಔಷಧ ಇದೆ: ವಜ್ರಾಸನ. ಹಿಮ್ಮಡಿಗಳ ಮೇಲೆ ಕೂತು ಒಂದೆರಡು ನಿಮಿಷ. ಮಂಡಿ ನೋವಿರೋರು ಬಿಟ್ಟುಬಿಡಿ.

ಕಿಕ್‌ಬೋರ್ಡ್ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಅದನ್ನು ಹಿಡಿದು ತಲೆ ಎತ್ತಿ ಹೋಗೋದು ಅಂದ್ರೆ ಮೇಲೆ ಹೇಳಿದ ತಪ್ಪನ್ನೇ ಅಭ್ಯಾಸ ಮಾಡಿದ ಹಾಗೆ. ಬೋರ್ಡ್ ಹಿಡಿದರೂ ಮುಖ ನೀರಿನೊಳಗೇ ಇರಲಿ. ಅದಕ್ಕಿಂತ ಒಳ್ಳೆಯದು ಮಗ್ಗುಲಲ್ಲಿ ಮಾಡೋ ಕಿಕ್. ಕೆಳಗಿನ ಕೈಯನ್ನು ಮುಂದೆ ಚಾಚಿ, ಮೇಲಿನ ಕೈಯನ್ನು ತೊಡೆಗೆ ಅಂಟಿಸಿ, ಕಿವಿಯನ್ನು ಚಾಚಿದ ತೋಳಿನ ಮೇಲೆ ಇಟ್ಟು ಕಿಕ್ ಮಾಡ್ತಾ ಒಂದು ಲ್ಯಾಪ್ ಹೋಗಿ. ವಾಪಸ್ ಬರ್ತಾ ಇನ್ನೊಂದು ಮಗ್ಗುಲು. ಒಂದು ಕಡೆ ಸಲೀಸಾಗಿರುತ್ತೆ, ಇನ್ನೊಂದು ಕಡೆ ಪಲ್ಟಿ ಹೊಡೀತೀರಿ. ಎಲ್ಲರಿಗೂ ಹಾಗೇ ಆಗೋದು. ಆ ಕೆಟ್ಟ ಕಡೆಗೇ ಹೆಚ್ಚು ಲ್ಯಾಪ್ ಕೊಡಿ.

ಇನ್ನೊಂದು, ನಿಂತು ಮಾಡೋ ಕಿಕ್. ಆಳದ ಕಡೆ ನೀರಿನಲ್ಲಿ ನೆಟ್ಟಗೆ ನಿಂತು, ಕೈಗಳನ್ನು ಎದೆಗೆ ಕಟ್ಟಿ, ಬರೀ ಸಣ್ಣ ವೇಗದ ಕಿಕ್‌ನಿಂದ ಬಾಯಿ ನೀರಿನ ಮೇಲೆ ಇರೋ ಹಾಗೆ 20 ಸೆಕೆಂಡ್. ಇಲ್ಲಿ ಸೈಕಲ್ ತುಳಿದರೆ ಗೊತ್ತಾಗಿಬಿಡುತ್ತೆ, ಮುಳುಗ್ತೀರಿ. ಆಳದಲ್ಲಿ ನಿಂತು ತೇಲೋಕೆ ಬರೋರು ಮಾತ್ರ, ಗೋಡೆ ಕೈಗೆ ಸಿಗೋ ದೂರದಲ್ಲಿ, ಲೈಫ್‌ಗಾರ್ಡ್ ನೋಡ್ತಿರುವಾಗ ಮಾಡಿ.

ಉಸಿರು ಬಿಡೋದೇ ಪಾಠ

ಏದುಸಿರು ಬರೋದು ಗಾಳಿ ಸಾಲದೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಉಸಿರಾಡಲೇಬೇಕು ಅನ್ನೋ ಆ ತಳಮಳ ಮುಖ್ಯವಾಗಿ ಬರೋದು ಒಳಗೆ ಸೇರಿಕೊಂಡ ಕಾರ್ಬನ್ ಡೈಆಕ್ಸೈಡ್‌ನಿಂದ. ಮುಖ ನೀರಿನಲ್ಲಿರುವಾಗ ಉಸಿರು ಕಟ್ಟಿ, ತಲೆ ತಿರುಗಿಸಿದಾಗ ಅರ್ಧ ಸೆಕೆಂಡಿನಲ್ಲಿ ಬಿಡೋದು, ತೊಗೊಳ್ಳೋದು ಎರಡನ್ನೂ ಮಾಡೋಕೆ ಹೋದರೆ ಯಾವುದೂ ಪೂರ್ತಿ ಆಗಲ್ಲ. ನೀರಿನೊಳಗೆ ಮೂಗಿನಿಂದ, ಬಾಯಿಂದ ಗುಳ್ಳೆ ಬಿಡ್ತಾನೇ ಇರಬೇಕು. ಸೊಂಟದ ಮಟ್ಟದ ನೀರಿನಲ್ಲಿ ಗೋಡೆ ಹಿಡಿದು ಮುಳುಗಿ ಗುಳ್ಳೆ ಬಿಡೋದು, ಎದ್ದು ಬರೀ ಒಳಗೆ ಎಳ್ಕೊಳ್ಳೋದು, ಹೀಗೆ ಇಪ್ಪತ್ತು ಸಲ. ಮಕ್ಕಳ ಆಟದ ಥರ ಕಾಣುತ್ತೆ, ಮರ್ಯಾದೆ ಬಿಟ್ಟು ಮಾಡಿ.

ಉಸಿರಿಗೆ ತಲೆ ಎತ್ತಬೇಕಿಲ್ಲ ಅನ್ನೋದಕ್ಕೂ ಫಿಸಿಕ್ಸ್ ಇದೆ. ಮುಂದೆ ಸಾಗೋ ತಲೆ ದೋಣಿಯ ಮೂತಿಯ ಹಾಗೆ ಒಂದು ಅಲೆ ಎಬ್ಬಿಸುತ್ತೆ. ಅದರ ಹಿಂದೆ, ಸರಿಯಾಗಿ ಬಾಯಿ ಇರೋ ಜಾಗದಲ್ಲಿ ಒಂದು ಸಣ್ಣ ತಗ್ಗು ಆಗುತ್ತೆ. ದೇಹದ ಜೊತೆಗೇ ಮುಖ ತಿರುಗಿಸಿ, ಒಂದು ಕನ್ನಡಕ ನೀರಿನೊಳಗೇ ಉಳಿದರೂ ಆ ತಗ್ಗಿನಲ್ಲಿ ಗಾಳಿ ಸಿಗುತ್ತೆ. ಇದನ್ನು ಕಲಿಸೋ ಡ್ರಿಲ್ ಆರು-ಮೂರು-ಆರು: ಮಗ್ಗುಲಲ್ಲಿ ಆರು ಕಿಕ್, ಆಮೇಲೆ ಮೂರು ಸ್ಟ್ರೋಕ್, ಇನ್ನೊಂದು ಮಗ್ಗುಲಲ್ಲಿ ಆರು ಕಿಕ್. ಇಡೀ ಲೇಖನದಲ್ಲಿ ಒಂದೇ ಡ್ರಿಲ್ ಇಟ್ಟುಕೊಳ್ಳಿ ಅಂದ್ರೆ ನಾನು ಇದನ್ನೇ ಇಟ್ಟುಕೊಳ್ತೀನಿ. ತೇಲುವಿಕೆ, ಕಿಕ್, ದೇಹದ ಹೊರಳು, ಉಸಿರು ನಾಲ್ಕೂ ಇದರಲ್ಲಿವೆ.

ಇಲ್ಲೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಉಸಿರು ಕಟ್ಟಿ ಎಷ್ಟು ದೂರ ಹೋಗ್ತೀಯ ಅಂತ ಪಂಥ ಕಟ್ಟೋದು ಡ್ರಿಲ್ ಅಲ್ಲ. ಮೊದಲು ಜೋರುಜೋರಾಗಿ ಉಸಿರಾಡಿ ಆಮೇಲೆ ಮುಳುಗಿದರೆ ಕಾರ್ಬನ್ ಡೈಆಕ್ಸೈಡ್ ಮಟ್ಟ ಇಳಿದಿರುತ್ತೆ. ಎಚ್ಚರಿಕೆಯ ಗಂಟೆ ಹೊಡೆಯೋ ಮೊದಲೇ ಆಕ್ಸಿಜನ್ ಮುಗಿದು ಪ್ರಜ್ಞೆ ತಪ್ಪುತ್ತೆ. ಚೆನ್ನಾಗಿ ಈಜೋರೇ ಹೀಗೆ ಸತ್ತಿದ್ದಾರೆ, ಅದೂ ಎದೆಮಟ್ಟದ ಪೂಲಿನಲ್ಲಿ. ಹಾಗೆಯೇ ಈ ಡ್ರಿಲ್‌ಗಳು ಪೂಲಿಗೆ ಮಾತ್ರ. ಟ್ರಿಪ್ಪಿಗೆ ಹೋದಾಗ ಸಿಗೋ ಕ್ವಾರಿ, ಡ್ಯಾಮಿನ ಹಿನ್ನೀರು ಇಲ್ಲೆಲ್ಲ ತಳವೂ ಕಾಣಲ್ಲ, ಹಿಡ್ಕೊಳ್ಳೋಕೆ ಗೋಡೆಯೂ ಇರಲ್ಲ.

ಕೈ: ಕಾಂಪೌಂಡ್ ಹಾರೋರಿಗೆ ಗೊತ್ತಿರೋ ವಿದ್ಯೆ

ಈಗ ತಳ್ಳೋ ಕೆಲಸ. ಕೈ ನೀರಿಗೆ ಇಳಿದ ಮೇಲೆ ಹೆಚ್ಚಿನವರು ತೋಳನ್ನು ಉದ್ದಕ್ಕೆ ಬಿಗಿಹಿಡಿದು ನೀರನ್ನು ಕೆಳಕ್ಕೆ ಒತ್ತುತ್ತಾರೆ. ನ್ಯೂಟನ್ ಮೂರನೇ ನಿಯಮದ ಪ್ರಕಾರ ನೀರು ಅವರನ್ನು ಮೇಲಕ್ಕೆ ತಳ್ಳುತ್ತೆ. ಎದೆ ಎದ್ದು ಕಾಲು ಇನ್ನಷ್ಟು ಮುಳುಗುತ್ತೆ. ನಮಗೆ ಬೇಕಾದ್ದು ಮುಂದೆ ಹೋಗೋದು, ಹಾಗಾಗಿ ನೀರನ್ನು ಹಿಂದಕ್ಕೆ ಒತ್ತಬೇಕು.

ಹಾಸ್ಟೆಲಿನ ಕಾಂಪೌಂಡ್ ಗೋಡೆ ಹತ್ತೋದನ್ನು ನೆನಪಿಸಿಕೊಳ್ಳಿ (ಯಾರು ಹತ್ತಿದ್ದೀರಿ ಅಂತ ಕೇಳ್ತಾ ಇಲ್ಲ). ಅಂಗೈಗಳನ್ನು ಗೋಡೆಯ ಮೇಲಿಟ್ಟು, ಮೊಣಕೈಗಳನ್ನು ಅಂಗೈಗಿಂತ ಮೇಲೆ ತಂದು, ಆಮೇಲೆ ದೇಹವನ್ನು ಎತ್ತುತ್ತೀವಿ. ಗೋಡೆ ಇದ್ದಲ್ಲೇ ಇರುತ್ತೆ, ನಾವು ಅದನ್ನು ದಾಟಿ ಹೋಗ್ತೀವಿ. ಫ್ರೀಸ್ಟೈಲ್‌ನಲ್ಲೂ ಅದೇ. ಕೈ ಭುಜದ ನೇರಕ್ಕೆ ನೀರಿಗೆ ಇಳಿದು ಮುಂದೆ ಚಾಚಿದ ಮೇಲೆ, ಮೊದಲು ಬೆರಳ ತುದಿ ಕೆಳಗೆ ಬಾಗಬೇಕು. ಮೊಣಕೈ ಮೇಲೆಯೇ ಉಳಿಯಬೇಕು. ಆಗ ಮೊಣಕೈಯಿಂದ ಬೆರಳತುದಿವರೆಗಿನ ಇಡೀ ಭಾಗ ಒಂದು ದೊಡ್ಡ ಹುಟ್ಟಿನ ಥರ ನಿಲ್ಲುತ್ತೆ. ಕೋಚ್‌ಗಳು ಇದನ್ನೇ 'ಕ್ಯಾಚ್' ಅನ್ನೋದು. ಪೂಲಿನಿಂದ ಹೊರಗೆ ಬರುವಾಗ ಏಣಿ ಬಿಟ್ಟು, ಕಟ್ಟೆಯ ಮೇಲೆ ಕೈ ಊರಿ ಎದ್ದು ಬನ್ನಿ. ಅದೇ ಒಂದು ಡ್ರಿಲ್.

ಈ ವಿಷಯದಲ್ಲಿ ಒಂದು ಕಥೆ ಇದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್‌ನ ಕಾಲೇಜು ಕೋಚ್ ಇಂಡಿಯಾನಾ ವಿಶ್ವವಿದ್ಯಾಲಯದ ಜೇಮ್ಸ್ ಕೌನ್ಸಿಲ್‌ಮನ್. ನೀರಿನೊಳಗೆ ಕ್ಯಾಮೆರಾ ಇಟ್ಟು ಈಜುಗಾರರನ್ನು ಚಿತ್ರಿಸಿ ಅಧ್ಯಯನ ಮಾಡಿದವರು ಅವರು. ಚಾಂಪಿಯನ್ನರ ಕೈ ನೇರವಾಗಿ ಹಿಂದೆ ಹೋಗದೆ ವಳಸಾಗಿ ಹೋಗೋದನ್ನು ಕಂಡು, ಅಂಗೈ ವಿಮಾನದ ರೆಕ್ಕೆಯ ಹಾಗೆ, ಬರ್ನೂಲಿ ತತ್ವದಿಂದ ಬಲ ಹುಟ್ಟಿಸುತ್ತೆ ಅಂತ 1970ರ ದಶಕದ ಆರಂಭದಲ್ಲಿ ವಾದಿಸಿದರು. ಆಮೇಲೆ ವರ್ಷಗಟ್ಟಲೆ ಮಕ್ಕಳಿಗೆ ನೀರಿನಲ್ಲಿ 'ಎಸ್' ಅಕ್ಷರ ಬರೆಯೋಕೆ ಕಲಿಸಿದರು. ಈಗ ಹೆಚ್ಚಿನವರು ಒಪ್ಪೋದು ಬೇರೆ: ಬಲದ ದೊಡ್ಡ ಪಾಲು ನೀರನ್ನು ಹಿಂದಕ್ಕೆ ಒತ್ತೋದರಿಂದಲೇ ಬರುತ್ತೆ, ಆ ವಳಸು ಬಹುಮಟ್ಟಿಗೆ ದೇಹ ಹೊರಳೋದರಿಂದ ಕಾಣೋದು. ಹಾಗಾಗಿ ಯಾರಾದರೂ 'ಎಸ್' ಬರಿ ಅಂದ್ರೆ ತಲೆ ಕೆಡಿಸ್ಕೋಬೇಡಿ. ಮೊಣಕೈ ಮೇಲಿಟ್ಟು ನೇರವಾಗಿ ಒತ್ತಿ.

ಮುಷ್ಟಿ ಡ್ರಿಲ್ ನನ್ನ ಫೇವರಿಟ್. ಎರಡೂ ಕೈ ಮುಷ್ಟಿ ಕಟ್ಟಿ 25 ಮೀಟರ್ ಈಜಿ. ಅಂಗೈ ಇಲ್ಲದೆ ನೀರು ಹಿಡಿಯೋಕೆ ಆಗಲ್ಲ, ಮೊದಲ ಹತ್ತು ಮೀಟರ್ ಜಾರ್ತಾನೇ ಇರ್ತೀರಿ. ಆಮೇಲೆ ದೇಹ ತಾನೇ ದಾರಿ ಹುಡುಕುತ್ತೆ, ಮೊಣಕೈ ಎತ್ತಿ ಮುಂಗೈಯಿಂದ ಒತ್ತೋಕೆ ಶುರು ಮಾಡುತ್ತೆ. ಮುಂದಿನ 25 ಮೀಟರಿಗೆ ಮುಷ್ಟಿ ಬಿಚ್ಚಿ. ಅಂಗೈ ಜಾಗದಲ್ಲಿ ಮೊರ ಕಟ್ಟಿದ ಹಾಗೆ ಅನ್ಸುತ್ತೆ! ಆ ಅನಿಸಿಕೆ ಒಂದೆರಡು ಲ್ಯಾಪ್ ಮಾತ್ರ ಇರುತ್ತೆ, ಅದು ಹೋಗೋ ಮೊದಲು ಪೂರ್ತಿ ಸ್ಟ್ರೋಕ್ ಈಜಿಬಿಡಿ.

ಕ್ಯಾಚ್-ಅಪ್ ಡ್ರಿಲ್ ಎಲ್ಲ ಕೋಚ್‌ಗಳೂ ಕೊಡ್ತಾರೆ. ಒಂದು ಕೈ ಮುಂದೆ ಕಾಯ್ತಾ ಇರುತ್ತೆ, ಇನ್ನೊಂದು ಬಂದು ಮುಟ್ಟಿದ ಮೇಲೆ ಅದು ಹೊರಡುತ್ತೆ. ಅವಸರದಲ್ಲಿ ಕೈ ತಿರುಗಿಸೋರಿಗೆ ಒಳ್ಳೆಯದು. ಆದರೆ ಇದನ್ನೇ ಅತಿಯಾಗಿ ಮಾಡಿದವರು ನಿಜವಾದ ಈಜಿನಲ್ಲೂ ಪ್ರತಿ ಸ್ಟ್ರೋಕಿಗೆ ನಿಂತು ನಿಂತು ಹೋಗ್ತಾರೆ. ನೀರಿನಲ್ಲಿ ನಿಂತರೆ ವೇಗ ಸತ್ತುಹೋಗುತ್ತೆ, ಮತ್ತೆ ಎಬ್ಬಿಸೋಕೆ ಇನ್ನೂ ಹೆಚ್ಚು ಶಕ್ತಿ. ಸಿಗ್ನಲ್ ಸಿಗ್ನಲಿಗೂ ನಿಲ್ಲಿಸೋ ಗಾಡಿಯ ಮೈಲೇಜ್ ನೆನಪಿಸಿಕೊಳ್ಳಿ. ಬೆರಳ ತುದಿಯನ್ನು ನೀರಿನ ಮೇಲೆ ಗೀರಿಕೊಂಡು ಕೈ ಮುಂದೆ ತರೋ ಡ್ರಿಲ್ ಕೂಡ ಇದೆ, ಭುಜ ಬಿಗಿಯಾಗಿರೋರಿಗೆ ಉಪಯೋಗ. ಆದರೆ ಕೈ ನೀರಿನ ಮೇಲೆ ಹೇಗೆ ಬರುತ್ತೆ ಅನ್ನೋದಕ್ಕೆ ಅಷ್ಟೊಂದು ತಲೆಬಿಸಿ ಬೇಡ. 1988ರ ಸೋಲ್‌ನಲ್ಲಿ ಮೂರು ಚಿನ್ನ ಗೆದ್ದ ಅಮೆರಿಕದ ಜಾನೆಟ್ ಇವಾನ್ಸ್ ಗಾಳಿಯಂತ್ರದ ಹಾಗೆ ನೇರ ಕೈ ಬೀಸ್ತಿದ್ದರು. ನೀರಿನ ಕೆಳಗೆ ಏನಾಗುತ್ತೆ ಅನ್ನೋದೇ ಲೆಕ್ಕ.

ಪ್ಯಾಡಲ್ ಕಟ್ಟಿಕೊಳ್ಳೋ ಆಸೆ ಸದ್ಯಕ್ಕೆ ಬೇಡ. ಕ್ಯಾಚ್ ಸರಿ ಇಲ್ಲದೆ ಪ್ಯಾಡಲ್ ಕಟ್ಟಿದರೆ ಹೆಚ್ಚಾದ ಭಾರವೆಲ್ಲ ಹೋಗಿ ಭುಜದ ಕೀಲಿನ ಮೇಲೆ ಬೀಳುತ್ತೆ. ಕೈ ತಲೆಯ ಮಧ್ಯಗೆರೆ ದಾಟಿ ಆಚೆ ಬೀಳ್ತಿದ್ದರೆ ಪ್ಯಾಡಲ್ ಇಲ್ಲದೆಯೂ ಭುಜ ನೋಯುತ್ತೆ.

ಎಷ್ಟು, ಯಾವಾಗ

ಡ್ರಿಲ್ ಮಾಡಬೇಕಾದ್ದು ವಾರ್ಮ್ ಅಪ್ ಆದ ತಕ್ಷಣ, ಮೈ ತಾಜಾ ಇರುವಾಗ. ಸುಸ್ತಾದ ಮೇಲೆ ಮಾಡಿದರೆ ಮೈ ಕಲಿಯೋದು ಸುಸ್ತಾದ ಸ್ಟ್ರೋಕನ್ನು. 25 ಮೀಟರ್ ಡ್ರಿಲ್, ಹಿಂದೆಯೇ 25 ಮೀಟರ್ ಮಾಮೂಲಿ ಈಜು, ಅದರಲ್ಲಿ ಆ ಒಂದೇ ವಿಷಯದ ಮೇಲೆ ಗಮನ. ಒಂದು ದಿನಕ್ಕೆ ಎರಡು ಡ್ರಿಲ್ ಸಾಕು. ಯೂಟ್ಯೂಬ್ ನೋಡಿ ಒಂದೇ ಸಂಜೆ ಹನ್ನೊಂದು ಡ್ರಿಲ್ ಮಾಡೋದು ಎಕ್ಸಾಮ್ ಹಿಂದಿನ ರಾತ್ರಿ ಐದೂ ಮಾಡ್ಯೂಲ್ ಓದಿದ ಹಾಗೆ.

ಅಳೆಯೋಕೆ ಒಂದು ಸುಲಭ ವಿಧಾನ ಇದೆ, ಅದರ ಹೆಸರು ಸ್ವಾಲ್ಫ್. ಒಂದು ಲ್ಯಾಪಿಗೆ ಹಿಡಿದ ಸೆಕೆಂಡುಗಳನ್ನೂ ಸ್ಟ್ರೋಕ್‌ಗಳ ಸಂಖ್ಯೆಯನ್ನೂ ಕೂಡಿಸೋದು. 25 ಮೀಟರಿಗೆ 30 ಸೆಕೆಂಡು, 26 ಸ್ಟ್ರೋಕ್ ಆದರೆ 56. ಗಾಲ್ಫ್ ಥರ ಕಡಿಮೆ ಬಂದಷ್ಟೂ ಒಳ್ಳೆಯದು. ವೇಗ ಅಂದ್ರೆ ಒಂದು ಸ್ಟ್ರೋಕಿನಲ್ಲಿ ಸಾಗೋ ದೂರ ಗುಣಿಸು ಒಂದು ಸೆಕೆಂಡಿಗೆ ಎಷ್ಟು ಸ್ಟ್ರೋಕ್ ಅನ್ನೋದು. ಒಂದನ್ನು ಹೆಚ್ಚಿಸೋಕೆ ಹೋಗಿ ಇನ್ನೊಂದನ್ನು ಸಾಯಿಸಿದರೆ ಈ ಸಂಖ್ಯೆ ಹೇಳಿಬಿಡುತ್ತೆ. ಬೇರೆಯವರ ಸ್ವಾಲ್ಫ್ ಜೊತೆ ಹೋಲಿಸ್ಕೋಬೇಡಿ, ಆರಡಿ ಉದ್ದ ಇರೋನಿಗೆ ಸ್ಟ್ರೋಕ್ ಕಡಿಮೆ ಬಂದೇ ಬರುತ್ತೆ. ಮೊದಲ ಒಂದೆರಡು ವಾರ ನಿಮ್ಮ ಸಂಖ್ಯೆ ಏರಿದರೂ ಏರಬಹುದು, ಹಳೇ ಅಭ್ಯಾಸ ಬಿಟ್ಟಿರುತ್ತೆ, ಹೊಸದು ಇನ್ನೂ ಕೂತಿರಲ್ಲ. ಅಲ್ಲೇ ಬಿಟ್ಟು ಹೋಗೋರು ಜಾಸ್ತಿ.

ಫ್ರೀಸ್ಟೈಲ್ ನೋಡಿ ಕಲಿಯೋಕೆ ನಮ್ಮವರೇ ಇದ್ದಾರೆ. 2000ದ ಸಿಡ್ನಿಯಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ನಿಶಾ ಮಿಲೆಟ್ ಬೆಂಗಳೂರಿನವರು. 2024ರ ಪ್ಯಾರಿಸ್‌ನಲ್ಲಿ ಅದೇ 200 ಮೀಟರ್ ಈಜಿದ ಧಿನಿಧಿ ದೇಸಿಂಗು ಕೂಡ ಬೆಂಗಳೂರಿನ ಹುಡುಗಿ, ಆಗ ವಯಸ್ಸು 14. ಇಂಥವರ ವಿಡಿಯೊ ಸಿಕ್ಕಿದರೆ ಸ್ಲೋ ಮೋಷನ್‌ನಲ್ಲಿ ಹಾಕಿ ನೋಡಿ.

ಆಮೇಲೆ ನಿಮ್ಮದೇ ಒಂದು ವಿಡಿಯೊ ಮಾಡಿಸಿಕೊಳ್ಳಿ. ಪೂಲಿನವರನ್ನು ಕೇಳಿ, ಲೇನ್ ಖಾಲಿ ಇರೋ ಹೊತ್ತಿನಲ್ಲಿ, ಬೇರೆ ಯಾರೂ ಫ್ರೇಮಿಗೆ ಬರದ ಹಾಗೆ, ಫ್ರೆಂಡ್ ಒಬ್ಬರು ಪಕ್ಕದಲ್ಲಿ ನಡೀತಾ ಒಂದು ಲ್ಯಾಪ್ ತೆಗೆದರೆ ಸಾಕು. ನೋಡುವಾಗ ಕೈ ಕಡೆ ಕಣ್ಣು ಹೋಗುತ್ತೆ, ಅದನ್ನು ಆಮೇಲೆ ನೋಡಿ. ಮೊದಲು ಹಿಮ್ಮಡಿ ಎಲ್ಲಿದೆ ನೋಡಿ. ಅದು ನೀರಿನ ಮೇಲ್ಮೈಯನ್ನು ಒಡೀತಿದ್ದರೆ ಮುಷ್ಟಿ ಡ್ರಿಲ್‌ಗೆ ಹೋಗಿ. ಮೊಳದಷ್ಟು ಕೆಳಗಿದ್ದರೆ ಮತ್ತೆ ಗೋಡೆಗೆ ಕಾಲು ಕೊಟ್ಟು ತಳ್ಳೋದರಿಂದ.